ನೈಟ್ ಡ್ಯೂಟಿ ಮುಗಿಸಿ – 23: ಆರು ಟೀಮು ಬೇಡ ಅಂದವನ ಕಥೆ

ಹೋದ ವಾರ ನಮ್ಮ ನರ್ಸುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹುಡುಗಿ ಬರೆದಿದ್ದಳು. ಹದಿಮೂರು ವಾರದ ಕಾಂಟ್ರಾಕ್ಟ್, ಐದನೇ ವಾರಕ್ಕೇ ಏಜೆನ್ಸಿಯಿಂದ ಫೋನ್: ನಾಳೆಯಿಂದ ಬರೋದು ಬೇಡ. ಊರು ಬಿಟ್ಟು ಊರಿಗೆ ಬಂದಿದ್ದಾಳೆ, ಮೂರು ತಿಂಗಳಿಗೆ ಮನೆ ಹಿಡಿದಿದ್ದಾಳೆ. ಹತ್ತು ನಿಮಿಷದಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಆರು ಟೀಮುಗಳು ಹೊರಗೆ ಹಾಕಿದ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬ ಕೊನೆಗೆ ಸೂಪರ್ ಬೌಲ್ ಆಡಿದ ಕಥೆ. ಕೆಳಗೆ "ಛಲ ಬಿಡಬೇಡ ಕಣೇ" ಅಂತ ಒಂದು ಸಾಲು, ನಾಲ್ಕು ಕೈಮುಗಿದ ಇಮೋಜಿ. ಅವಳು ಉತ್ತರ ಬರೆಯಲೇ ಇಲ್ಲ.

ಆ ವಿಡಿಯೋದಲ್ಲಿದ್ದವನು ರಹೀಮ್ ಮೋಸ್ಟರ್ಟ್. ನನಗೆ ಅವನ ಮೇಲೆ ತುಂಬಾ ಅಭಿಮಾನ. ನಾನು ಕೆಲಸ ಮಾಡೋದು ಆರ್ಥೋ ವಾರ್ಡಿನಲ್ಲಿ. ಸೀಸನ್ ಶುರುವಾದರೆ ಭಾನುವಾರ ಪ್ರತಿ ರೂಮಿನ ಟೀವಿಯಲ್ಲೂ ಇದೇ ಆಟ. ಮೊಣಕಾಲು ಬದಲಾಯಿಸಿಕೊಂಡು ಮಲಗಿದ ಅಜ್ಜಂದಿರೇ ನನಗೆ ನಿಯಮಗಳನ್ನು ಕಲಿಸಿದ ಗುರುಗಳು. ಹಾಗಾಗಿ ಹೇಳುತ್ತೇನೆ, ಆ ವಿಡಿಯೋ ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ಹೇಳದೆ ಆ ಹುಡುಗಿಗೆ ಅದನ್ನು ಕಳಿಸಿದ್ದು ತಪ್ಪು ಅನ್ನೋದು ನನ್ನ ಅಭಿಪ್ರಾಯ.

ಮೊದಲು ಗೊತ್ತಿಲ್ಲದವರಿಗೆ: ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಎದೆಗೆ ಒತ್ತಿಕೊಂಡು ಎದುರಾಳಿಗಳ ಗುಂಪಿನೊಳಗೇ ನುಗ್ಗುವವನು. ಕಬಡ್ಡಿ ರೈಡರ್‌ನಂತೆ, ಆದರೆ ಎದುರಿಗೆ ಹನ್ನೊಂದು ಜನ, ಕೆಲವರ ತೂಕ ನೂರೈವತ್ತು ಕೆಜಿ. ಮಿಕ್ಕ ಜಾಗದ ಆಟಗಾರರಿಗಿಂತ ಇವರ ಮೈ ಬೇಗ ಸವೆಯುತ್ತದೆ. ಮೂವತ್ತು ದಾಟಿದರೆ ಮುದುಕ ಅಂತಲೇ ಲೆಕ್ಕ.

ಮೋಸ್ಟರ್ಟ್ ಫ್ಲಾರಿಡಾದ ನ್ಯೂ ಸ್ಮಿರ್ನಾ ಬೀಚ್ ಅನ್ನೋ ಕಡಲತೀರದ ಊರಿನವನು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್ ಜೊತೆಗೆ ಓಟದ ಸ್ಪರ್ಧೆಯಲ್ಲೂ ಹೆಸರು ಮಾಡಿದ್ದ. 2015ರ ಡ್ರಾಫ್ಟ್‌ನಲ್ಲಿ ಯಾವ ಟೀಮೂ ಅವನನ್ನು ಆರಿಸಲಿಲ್ಲ. ಆಮೇಲೆ ಫಿಲಡೆಲ್ಫಿಯಾ, ಮಯಾಮಿ, ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್ ಜೆಟ್ಸ್, ಷಿಕಾಗೊ. ಎರಡು ವರ್ಷದೊಳಗೆ ಆರು ಟೀಮು. ಎಲ್ಲೂ ನೆಲೆ ನಿಲ್ಲಲಿಲ್ಲ. 2016ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಸೇರಿದ. ತನ್ನನ್ನು ತೆಗೆದುಹಾಕಿದ ತಾರೀಖುಗಳನ್ನೆಲ್ಲ ಇಟ್ಟುಕೊಂಡು, ಪ್ರತಿ ಪಂದ್ಯಕ್ಕೆ ಮುಂಚೆ ಅವನ್ನು ನೋಡಿಕೊಳ್ಳುತ್ತೇನೆ ಅಂತ ಅವನೇ ಹೇಳಿದ್ದಾನೆ.

2020ರ ಜನವರಿ 19. ಗೆದ್ದವರು ಸೂಪರ್ ಬೌಲ್‌ಗೆ ಹೋಗುವ ಪಂದ್ಯ, ಎದುರಿಗೆ ಗ್ರೀನ್ ಬೇ ಪ್ಯಾಕರ್ಸ್. ಮೋಸ್ಟರ್ಟ್ 29 ಸಲ ಚೆಂಡು ಹಿಡಿದು ಓಡಿ 220 ಗಜ ದಾಟಿದ, ನಾಲ್ಕು ಟಚ್‌ಡೌನ್ ಮಾಡಿದ. 49ಅರ್ಸ್ 37–20ರಿಂದ ಗೆದ್ದರು. ವಿಡಿಯೋ ಇಲ್ಲಿಗೆ ಮುಗಿಯುತ್ತದೆ, ಹಿಂದೆ ವಯೊಲಿನ್.

ಈಗ ಅದು ಬಿಟ್ಟದ್ದು. ಆ ಪಂದ್ಯದಲ್ಲಿ ಓಡಬೇಕಾಗಿದ್ದವನು ಇವನೊಬ್ಬನೇ ಅಲ್ಲ. ಟೆವಿನ್ ಕೋಲ್ಮನ್ ಅಂತ ಇನ್ನೊಬ್ಬನಿದ್ದ, ಹಿಂದಿನ ವಾರದ ಪಂದ್ಯದಲ್ಲಿ ಎರಡು ಟಚ್‌ಡೌನ್ ಮಾಡಿದ್ದವನು. ಈ ಪಂದ್ಯದ ಮೊದಲರ್ಧದಲ್ಲೇ ಅವನ ಭುಜ ಕೀಲು ತಪ್ಪಿತು, ಗಾಡಿಯಲ್ಲಿ ಹೊರಗೆ ಕರೆದೊಯ್ದರು. ಮೋಸ್ಟರ್ಟ್ ಆಗಲೇ ಚೆನ್ನಾಗಿ ಓಡುತ್ತಿದ್ದ, ನಿಜ. ಆದರೂ 29 ಸಲ ಚೆಂಡು ಸಿಕ್ಕಿದ್ದರಲ್ಲಿ ಆ ಗಾಡಿಯ ಪಾಲೂ ಇದೆ. ಈ ಆಟದಲ್ಲಿ ಒಬ್ಬನ ಅವಕಾಶ ಎಷ್ಟೋ ಸಲ ಇನ್ನೊಬ್ಬನ ಎಕ್ಸ್‌ರೇಯಿಂದ ಶುರುವಾಗುತ್ತದೆ.

ಇನ್ನೊಂದು, ಮಧ್ಯದ ಮೂರು ವರ್ಷ ಅವನು ಅನ್ನ ತಿಂದದ್ದು ಓಟದಿಂದಲ್ಲ, ಸ್ಪೆಷಲ್ ಟೀಮ್ಸ್‌ನಿಂದ. ನಮ್ಮ ಕಡೆಯವರು ಚೆಂಡನ್ನು ದೂರ ಒದ್ದಾಗ ಉಸಿರುಗಟ್ಟಿ ಓಡಿ, ಅದನ್ನು ಹಿಡಿದವನನ್ನು ಕೆಡವುವ ಕೆಲಸ. ಟೀವಿಯಲ್ಲಿ ಹೆಸರು ಬರಲ್ಲ, ಅಂಗಿ ಕೊಳ್ಳುವವರಿಲ್ಲ. ಅದನ್ನು ಅವನು ಅಷ್ಟು ಚೆನ್ನಾಗಿ ಮಾಡಿದ್ದಕ್ಕೇ ಟೀಮು ಅವನನ್ನು ಉಳಿಸಿಕೊಂಡಿತು, 2019ರಲ್ಲಿ ಮೂರು ವರ್ಷದ ಕರಾರು ಕೊಟ್ಟಿತು. ಛಲ ಅಂತ ನಾವು ಕರೆಯೋದರಲ್ಲಿ ಬಹುಪಾಲು ಇದು: ಎರಡನೇ ಕೆಲಸವೊಂದನ್ನು ಮೊದಲನೆಯದರಷ್ಟೇ ಶ್ರದ್ಧೆಯಿಂದ ಕಲಿಯೋದು.

ಮೂರನೆಯದು ಜಾಗ. 49ಅರ್ಸ್ ಕೋಚ್ ಕೈಲ್ ಶಾನಹನ್ ಅವರ ಆಟದಲ್ಲಿ ಚೆಂಡು ಹಿಡಿದವನು ಅಡ್ಡಡ್ಡ ಓಡುತ್ತಾ, ಸಂದಿ ಕಂಡ ತಕ್ಷಣ ಒಂದೇ ಹೆಜ್ಜೆಯಲ್ಲಿ ತಿರುಗಿ ನೇರ ಚಿಮ್ಮಬೇಕು. ವೇಗದ ಓಟಗಾರನಿಗೆ ಹೇಳಿ ಮಾಡಿಸಿದಂಥ ಆಟ. 2020ರ ಸೆಪ್ಟೆಂಬರ್‌ನಲ್ಲಿ ಅವನು 80 ಗಜ ಓಡಿ ಟಚ್‌ಡೌನ್ ಮಾಡಿದಾಗ ಅಳೆದ ವೇಗ ಗಂಟೆಗೆ 23.09 ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್. ಎದುರಾಳಿ ಯಾರು ಗೊತ್ತಾ? ಅವನನ್ನು ಬೇಡ ಅಂದಿದ್ದ ಜೆಟ್ಸ್. ಕಾಲು ಅವೇ. ಬದಲಾದದ್ದು ಆ ಕಾಲನ್ನು ಹೇಗೆ ಬಳಸಬೇಕು ಅಂತ ಗೊತ್ತಿದ್ದ ಜಾಗ.

ವಿಡಿಯೋ ಪೂರ್ತಿ ಮುಚ್ಚಿಟ್ಟದ್ದು ನಾನು ದಿನಾ ನೋಡುವ ವಿಷಯ: ಮೈ. 2018ರಲ್ಲಿ ಒಂದೇ ರಾತ್ರಿ 52 ಗಜ ಓಡಿ ಟಚ್‌ಡೌನ್ ಮಾಡಿದ, ಅದೇ ರಾತ್ರಿ ಮುಂಗೈ ಮೂಳೆ ಮುರಿದುಕೊಂಡ. ನಾನು ಮೇಲೆ ಹೇಳಿದ ಜೆಟ್ಸ್ ಪಂದ್ಯದಲ್ಲೇ ಮೊಣಕಾಲಿನ ಲಿಗಮೆಂಟ್ ಉಳುಕಿತು. 2021ರ ಮೊದಲ ಪಂದ್ಯದಲ್ಲಿ ಎರಡೇ ಎರಡು ಓಟ, ಮೊಣಕಾಲಿನ ಕಾರ್ಟಿಲೇಜ್ ಚೂರು ಎದ್ದಿತು. ಆಪರೇಷನ್, ಇಡೀ ವರ್ಷ ಹೋಯಿತು. ಕಾರ್ಟಿಲೇಜಿಗೆ ರಕ್ತನಾಳ ಇಲ್ಲ, ಚರ್ಮದಂತೆ ತಾನಾಗಿ ಕೂಡಿಕೊಳ್ಳಲ್ಲ. ಆ ನೋವಿನಲ್ಲಿ ಮೊದಲ ಸಲ ಕಾಲು ಮಡಿಸುವ ಗಂಡಸರ ಮುಖ ನಾನು ನೋಡಿದ್ದೇನೆ. ಅಲ್ಲಿ ವಯೊಲಿನ್ ಇರಲ್ಲ.

ಇಷ್ಟೆಲ್ಲ ಆದ ಮೇಲೆ 2022ರಲ್ಲಿ ಅವನನ್ನು ಕರೆದುಕೊಂಡದ್ದು ಮಯಾಮಿ ಡಾಲ್ಫಿನ್ಸ್, ಏಳು ವರ್ಷದ ಹಿಂದೆ ಕಳಿಸಿದ್ದ ಅದೇ ಟೀಮು. ಕಾರಣ, ಅಲ್ಲಿಗೆ ಹೊಸ ಕೋಚ್ ಆಗಿ ಬಂದ ಮೈಕ್ ಮೆಕ್‌ಡೇನಿಯಲ್ 49ಅರ್ಸ್‌ನಲ್ಲಿ ಅವನ ಕೆಲಸವನ್ನು ಹತ್ತಿರದಿಂದ ನೋಡಿದ್ದವರು. 2023ರಲ್ಲಿ, 31ನೇ ವಯಸ್ಸಿನಲ್ಲಿ, ಮೊದಲ ಬಾರಿಗೆ ಸಾವಿರ ಗಜ ದಾಟಿದ. 21 ಟಚ್‌ಡೌನ್ ಮಾಡಿ ಇಡೀ ಲೀಗಿನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಜೊತೆ ಮೊದಲ ಸ್ಥಾನ ಹಂಚಿಕೊಂಡ. 2025ರ ಫೆಬ್ರುವರಿಯಲ್ಲಿ ಡಾಲ್ಫಿನ್ಸ್ ಮತ್ತೆ ತೆಗೆದುಹಾಕಿತು. ಒಂದೇ ಟೀಮು, ಎರಡು ಸಲ. ಆಮೇಲೆ ಲಾಸ್ ವೇಗಸ್‌ನ ರೈಡರ್ಸ್.

"ಅಕ್ಕ, ಅವರಿಗೇನು ಕಷ್ಟ, ಲಕ್ಷಾಂತರ ಡಾಲರ್ ಸಂಬಳ" ಅಂತೀರಿ. ಒಪ್ಪಿದೆ, ನನ್ನ ಕನಿಕರ ಅವನಿಗೆ ಬೇಕಾಗಿಲ್ಲ. ನಾನು ನೋಡೋದು ಅವನು ಏನು ಮಾಡಿದ ಅನ್ನೋದನ್ನು. 220 ಗಜದ ಆ ರಾತ್ರಿಯಾಗಿ ಆರು ತಿಂಗಳಿಗೆ, 2020ರ ಜುಲೈಯಲ್ಲಿ, "ನನ್ನ ಸಂಬಳ ಹಳೇ ಕೆಲಸದ್ದು, ಮಾಡುತ್ತಿರೋದು ಹೊಸ ಕೆಲಸ" ಅನ್ನೋ ಅರ್ಥದಲ್ಲಿ, ಬೇರೆ ಟೀಮಿಗೆ ಕಳಿಸಿಬಿಡಿ ಅಂತ ಏಜೆಂಟ್ ಮೂಲಕ ಕೇಳಿದ. ತಿಂಗಳೊಳಗೆ ಕರಾರು ತಿದ್ದಿದರು. ಇಷ್ಟು ಸಲ ಹೊರಬಿದ್ದವನು "ಇಟ್ಟುಕೊಂಡದ್ದೇ ಪುಣ್ಯ" ಅಂತ ಬಾಯಿ ಮುಚ್ಚಿಕೊಂಡಿರಲಿಲ್ಲ. ಅವನ ಬೆನ್ನಿಗೆ ಯೂನಿಯನ್ ಕೂಡ ಇತ್ತು. ಆಟದಲ್ಲಿ ಗಾಯವಾದರೆ ಗಾಯಾಳುಗಳ ಪಟ್ಟಿಗೆ ಸೇರಿಸಿ ಆ ಸೀಸನ್ನಿನಲ್ಲಿ ಸಂಬಳ ಕೊಡಬೇಕು ಅನ್ನೋದು ಆಟಗಾರರ ಸಂಘ ಕೂತು ಮಾತಾಡಿ ಬರೆಸಿದ ಒಪ್ಪಂದ. ಯಾರ ಛಲವೂ ಅದನ್ನು ಒಬ್ಬಂಟಿಯಾಗಿ ತಂದುಕೊಟ್ಟದ್ದಲ್ಲ.

ನನ್ನ ಮಾತು ಇಷ್ಟೇ. ಕೆಲಸ ಕಳೆದುಕೊಂಡವರಿಗೆ "ಛಲ ಬಿಡಬೇಡ" ಅಂದಾಗ, ತಪ್ಪು ನಿನ್ನಲ್ಲೇ ಇತ್ತು ಅಂತ ನಾವು ಮೆಲ್ಲಗೆ ಹೇಳಿದಂತೆ. ಆರು ಟೀಮು ಮೋಸ್ಟರ್ಟ್‌ನನ್ನು ಬಿಟ್ಟಾಗ ಅವನಲ್ಲಿ ಛಲ ಇರಲಿಲ್ವಾ? ಇತ್ತು. ಇಲ್ಲದಿದ್ದದ್ದು ಜಾಗ, ಸಮಯ, ಗುರುತಿಸಿದ ಒಬ್ಬ ಮೇಲಿನವನು. ಅವನಷ್ಟೇ ಛಲ ಇದ್ದ ಎಷ್ಟೋ ಜನ ಅದೇ ಆರು ಬಾಗಿಲಿನಿಂದ ಹೊರಗೆ ಹೋಗಿದ್ದಾರೆ. ಅವರ ಮೇಲೆ ಯಾರೂ ವಿಡಿಯೋ ಮಾಡಲ್ಲ.

ಮರುದಿನ ಬೆಳಿಗ್ಗೆ ಡ್ಯೂಟಿ ಮುಗಿಸಿ ಆ ಹುಡುಗಿಗೆ ಫೋನ್ ಮಾಡಿದೆ. ಛಲದ ಮಾತು ಆಡಲಿಲ್ಲ. ಕಾಂಟ್ರಾಕ್ಟ್ ತೆಗಿ, ರದ್ದು ಮಾಡಿದರೆ ಎಷ್ಟು ದಿನದ ನೋಟಿಸ್ ಅಂತ ಬರೆದಿದೆ ಓದು ಅಂದೆ. ಓದಿದಳು. ಎರಡು ವಾರ ಅಂತಿತ್ತು, ಅವಳಿಗೆ ಒಂದು ದಿನವೂ ಕೊಟ್ಟಿರಲಿಲ್ಲ. ಸಹಿ ಹಾಕುವಾಗ ಆ ಸಾಲು ನೋಡಿಯೇ ಇರಲಿಲ್ಲವಂತೆ. ಏಜೆನ್ಸಿಗೆ ಬರೆಯಬೇಕಾದ ಇಮೇಲನ್ನು ಇಬ್ಬರೂ ಸೇರಿ ಬರೆದೆವು. ದುಡ್ಡು ಬರುತ್ತೋ ಇಲ್ಲವೋ ನೋಡಬೇಕು.

ನೀವೂ ಇವತ್ತು ನಿಮ್ಮ ಕಾಂಟ್ರಾಕ್ಟ್ ತೆಗೆದು ಆ ಸಾಲು ಹುಡುಕಿ. ಎಷ್ಟು ದಿನ ಅಂತಿದೆ, ಕೆಳಗೆ ಬರೆಯಿರಿ. ಹೊಸದಾಗಿ ಬರುವ ಹುಡುಗಿಯರಿಗೆ ವಿಡಿಯೋಗಿಂತ ಅದು ಉಪಯೋಗಕ್ಕೆ ಬರುತ್ತದೆ.