ಬಣ್ಣ ಮಾಸಿದಷ್ಟೂ ಫ್ಲೋರೈಡ್

ಜಂಗಮಕೋಟೆಯ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕುಡಿಯುವುದಕ್ಕೂ ಹಿಪ್ಪುನೇರಳೆ ತೋಟಕ್ಕೂ ಬಹುತೇಕ ಕೊಳವೆಬಾವಿಯೇ ಗತಿ. ಆಳದ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಇದು ಮಿತಿ ಮೀರಿರುವುದು ಹೊಸ ಸುದ್ದಿಯೇನಲ್ಲ. ಚೊಂಬಿನಲ್ಲಿ ಹಿಡಿದರೆ ನೀರು ತಿಳಿಯಾಗಿಯೇ ಇರುತ್ತದೆ. ವಾಸನೆಯಲ್ಲಿ, ರುಚಿಯಲ್ಲಿ ಸುಳಿವಿಲ್ಲ. ಸುಳಿವು ಸಿಗುವುದು ವರ್ಷಗಳ ನಂತರ, ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆಗಳಾಗಿ. ಆಗ ನೀರು ಬದಲಿಸಿದರೂ ಆ ಹಲ್ಲು ಮೊದಲಿನಂತಾಗದು.

ಕಣ್ಣಿಗೆ ಕಾಣದ್ದನ್ನು ಮೊದಲೇ ಹಿಡಿಯುವುದು ಹೇಗೆ? ನೀರು ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ನೇರಳಾತೀತ–ದೃಗ್ಗೋಚರ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣವಿರುತ್ತದೆ. ಹೆಸರು ಉದ್ದ, ತತ್ತ್ವ ಸರಳ. ದೀಪದ ಬೆಳಕನ್ನು ಬಿಡಿಸಿ, ಬೇಕಾದ ತರಂಗಾಂತರವನ್ನು ಮಾತ್ರ ಆರಿಸಿ, ಒಂದು ಸೆಂಟಿಮೀಟರ್ ಅಗಲದ ಪುಟ್ಟ ಕೋಶದಲ್ಲಿರುವ ದ್ರಾವಣದ ಮೂಲಕ ಹಾಯಿಸುತ್ತಾರೆ. ಒಳಹೊಕ್ಕ ಬೆಳಕೆಷ್ಟು, ಹೊರಬಂದದ್ದೆಷ್ಟು ಎಂದು ಉಪಕರಣ ಅಳೆಯುತ್ತದೆ. ದ್ರಾವಣವೊಂದು ಅರ್ಧ ಬೆಳಕನ್ನು ಹೊರಬಿಟ್ಟರೆ, ಅದರ ಎರಡರಷ್ಟು ಸಾಂದ್ರತೆಯದು ಕಾಲುಭಾಗವನ್ನಷ್ಟೇ ಬಿಡುತ್ತದೆ. ಲಾಗರಿದಮ್ ತೆಗೆದರೆ ಹೀರಿಕೆ 0.3 ಇದ್ದದ್ದು 0.6 ಆಗುತ್ತದೆ. ಇದೇ ಬಿಯರ್–ಲ್ಯಾಂಬರ್ಟ್ ನಿಯಮ. ಲಾಗರಿದಮ್ ಯಾಕೆ ಕಲಿಯಬೇಕು ಎಂದು ಗೊಣಗುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಉತ್ತರವಿದೆ.

ಗೊಬ್ಬರ, ಚರಂಡಿಗಳಿಂದ ನೀರಿಗಿಳಿಯುವ ನೈಟ್ರೇಟ್ 220 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ತಾನೇ ಹೀರುತ್ತದೆ, ಅಳೆಯುವುದು ಸುಲಭ. ಗಾಜು ಈ ಬೆಳಕನ್ನು ತಡೆಯುವುದರಿಂದ ಕೋಶ ಮಾತ್ರ ಕ್ವಾರ್ಟ್ಜ್‌ನದಾಗಿರಬೇಕು. ಫ್ಲೋರೈಡ್ ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಈ ಉಪಕರಣದ ಬೆಳಕಿಗೆ ಅದು ಅಡ್ಡ ಬರುವುದೇ ಇಲ್ಲ!

ಅದಕ್ಕೆ ರಸಾಯನ ವಿಜ್ಞಾನಿಗಳು ಹೂಡಿದ ಉಪಾಯ ಚೆನ್ನಾಗಿದೆ. ಸ್ಪ್ಯಾಡ್ನ್ಸ್ ಎಂಬ ವರ್ಣದ್ರವ್ಯ ಜಿರ್ಕೋನಿಯಂ ಜೊತೆ ಸೇರಿ ಕೆಂಪು ಬಣ್ಣ ಕೊಡುತ್ತದೆ. ಫ್ಲೋರೈಡಿಗೆ ಜಿರ್ಕೋನಿಯಂ ಮೇಲೆ ಇನ್ನೂ ಹೆಚ್ಚಿನ ಸೆಳೆತ. ಅದು ಬಂದು ಜಿರ್ಕೋನಿಯಂ ಅನ್ನು ಕಿತ್ತುಕೊಂಡಷ್ಟೂ ಕೆಂಪು ಮಾಸುತ್ತದೆ. ಅಂದರೆ ಇಲ್ಲಿ ಲೆಕ್ಕ ತಿರುವುಮುರುವು: 570 ನ್ಯಾನೋಮೀಟರಿನಲ್ಲಿ ಹೀರಿಕೆ ಕಡಿಮೆಯಾದಷ್ಟೂ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಎಷ್ಟಿದೆಯೆಂದು ಗೊತ್ತಿರುವ ಕೆಲವು ದ್ರಾವಣಗಳನ್ನು ಮೊದಲು ಅಳೆದು ನಕ್ಷೆಯಲ್ಲಿ ಗೆರೆ ಎಳೆದಿಟ್ಟುಕೊಳ್ಳಬೇಕು. ಊರಿನ ನೀರಿನ ಹೀರಿಕೆ ಆ ಗೆರೆಯನ್ನು ಎಲ್ಲಿ ಮುಟ್ಟುತ್ತದೆಯೋ ಅದೇ ಉತ್ತರ. ಸುಮಾರು 1.4 ಮಿಲಿಗ್ರಾಂ ದಾಟಿದರೆ ಗೆರೆಯನ್ನು ನಂಬುವಂತಿಲ್ಲ. ಆಗ ಭಟ್ಟಿ ಇಳಿಸಿದ ನೀರು ಬೆರೆಸಿ ತೆಳುವಾಗಿಸಿ ಮತ್ತೆ ಅಳೆಯಬೇಕು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೂ ಲೆಕ್ಕ ತಪ್ಪುತ್ತದೆ, ಅದನ್ನು ಮೊದಲೇ ತೆಗೆಯಬೇಕು. ಫ್ಲೋರೈಡನ್ನು ಮಾತ್ರ ಗುರುತಿಸುವ ವಿದ್ಯುದಗ್ರಗಳೂ ಇವೆ. ಎರಡೂ ಕಡೆ ಒಂದೇ ಉತ್ತರ ಬಂದರೆ ನಂಬಿಕೆ ಗಟ್ಟಿಯಾಗುತ್ತದೆ.

ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ‘ಕುದಿಸಿ ಕುಡಿದರಾಯಿತು’ ಎನ್ನುವ ತಾಯಂದಿರು ಗಮನಿಸಬೇಕು: ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿ ಮಗು ಕುಡಿಯುವ ನೀರಿನದೇ ದೊಡ್ಡ ಚಿಂತೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದರೂ ಅಲ್ಲಿನ ಪೊರೆ ಹಳತಾದಂತೆ ಫ್ಲೋರೈಡ್ ನುಸುಳಬಹುದು, ಆ ನೀರನ್ನೂ ಆಗಾಗ ಪರೀಕ್ಷಿಸಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಒಯ್ಯದೆ, ಅದೇ ನೀರಿನಿಂದ ಎರಡು ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯುವುದು ಒಳ್ಳೆಯದು.