ಚಾಪೆ ಹಾಸುವಷ್ಟು ಜಾಗ

ನಮ್ಮ ಮನೆಯ ಬೀರು ಮೇಲೆ ನೇರಳೆ ಬಣ್ಣದ ಒಂದು ಯೋಗ ಮ್ಯಾಟ್ ಇತ್ತು. ಕೊಂಡ ಮೇಲೆ ಎರಡು ವರ್ಷ ಅದು ನೆಲ ಕಂಡಿದ್ದೇ ಕಮ್ಮಿ. ಜೂನ್ 21 ಬಂತು ಅಂದ್ರೆ ಕೆಳಗಿಳಿಯುತ್ತಿತ್ತು. ಆಫೀಸಿನ ಟೆರೇಸ್ ಮೇಲೆ ಎಲ್ಲರ ಜೊತೆ ವೃಕ್ಷಾಸನದ ಒಂದು ಫೋಟೊ, ವಾಟ್ಸ್‌ಆ್ಯಪ್ ಸ್ಟೇಟಸ್, ಸಂಜೆಗೆ ಮತ್ತೆ ಬೀರು ಮೇಲೆ.

ಹಾಗಂತ ಪ್ರಯತ್ನವನ್ನೇ ಮಾಡಲಿಲ್ಲ ಅಂತಲ್ಲ. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ರಾತ್ರಿ ದಿಂಬು ಬದಲಾಯಿಸಿ ಬದಲಾಯಿಸಿ ಸಾಕಾಗಿ, ಮನೆ ಹತ್ತಿರದ ಒಂದು ಕ್ಲಾಸಿಗೆ ಇಡೀ ವರ್ಷದ ಫೀಸು ಕಟ್ಟಿದೆ. ಹೋಗಿದ್ದು ಹದಿನಾಲ್ಕು ದಿನ. ಅಲ್ಲಿ ಬ್ಯಾಚು ಬೆಳಿಗ್ಗೆ ಆರೂವರೆಗೆ, ಮಗಳ ಸ್ಕೂಲ್ ವ್ಯಾನ್ ಏಳೂಕಾಲಿಗೆ. ಎರಡೂ ನಡೆಯೋ ಮಾತಲ್ಲ ಅಂತ ಫೀಸು ಕಟ್ಟುವಾಗಲೇ ಗೊತ್ತಿತ್ತು. ಆದರೂ ಕಟ್ಟಿದ್ದೆ. ದುಡ್ಡು ಕೊಟ್ಟರೆ ಶಿಸ್ತೂ ಜೊತೆಗೇ ಬರುತ್ತೆ ಅನ್ನೋ ನಂಬಿಕೆ.

ಆಮೇಲೆ ಮೊಬೈಲಿನಲ್ಲಿ ಮೂವತ್ತು ದಿನದ ಚಾಲೆಂಜ್ ಶುರು ಮಾಡಿದೆ. ಒಂಬತ್ತನೇ ದಿನ ಪದ್ಮಾಸನ ಬಂತು. ವಿಡಿಯೊದಲ್ಲಿದ್ದಾಕೆ ಸಲೀಸಾಗಿ ಕಾಲು ಮಡಚಿದಳು. ನಾನು ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ಎಳೆದು, ತೊಡೆ ಮೇಲೆ ಇಟ್ಟೆ. ಮಂಡಿಯೊಳಗೆ ‘ಟಕ್’ ಅಂತು. ಮೂರು ವಾರ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡೇ ಇಳಿದೆ. ಫಿಸಿಯೋಥೆರಪಿಯವರು ಸರಳವಾಗಿ ಹೇಳಿದರು: “ಮಂಡಿ ಇರೋದು ಮುಖ್ಯವಾಗಿ ಮಡಚೋಕೆ, ಬಿಚ್ಚೋಕೆ. ಪದ್ಮಾಸನಕ್ಕೆ ತಿರುಗಬೇಕಾದ್ದು ಸೊಂಟದ ಕೀಲು. ಅದು ತಿರುಗದೇ ಇದ್ದಾಗ ನೀವು ಎಳೆದರೆ ಆ ತಿರುಚು ಪೂರ್ತಿ ಮಂಡಿ ಮೇಲೆ ಬೀಳುತ್ತೆ.” ಆವತ್ತೇ ಮ್ಯಾಟ್ ಮತ್ತೆ ಬೀರು ಹತ್ತಿತು. ಯೋಗ ನಮ್ಮಂಥವರಿಗಲ್ಲ ಅಂತ ತೀರ್ಮಾನವೂ ಆಯ್ತು.

ಅದಾದ ಮೇಲೆ ಅಪ್ಪ ಬಂದ್ರು.

ಅಪ್ಪನಿಗೆ ಎಪ್ಪತ್ತೊಂದು. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಹೊಳಲ್ಕೆರೆ ಕಡೆಯವರು. ಅಮ್ಮ ಹೋಗಿ ಎರಡು ವರ್ಷವಾಗಿದ್ದರೂ ಊರು ಬಿಟ್ಟು ಬರೋಕೆ ಒಪ್ಪಿರಲಿಲ್ಲ. ಕಣ್ಣಿನ ಪೊರೆ ಆಪರೇಷನ್ ಅಂತ ಹೇಳಿ ಎರಡು ತಿಂಗಳ ಮಟ್ಟಿಗೆ ಕರೆಸಿಕೊಂಡೆ. ಬ್ಯಾಗಿನಲ್ಲಿ ಎರಡು ಪಂಚೆ, ನಾಲ್ಕು ಅಂಗಿ, ಮಾತ್ರೆ ಡಬ್ಬಿ. ಅವುಗಳ ಕೆಳಗೆ ಮಡಚಿಟ್ಟ ಹಳೇ ಜಮಖಾನ. “ಇದ್ಯಾಕಪ್ಪಾ, ಇಲ್ಲಿ ಇರಲಿಲ್ವಾ?” ಅಂದೆ. “ಅದರ ಮೇಲೆ ಅಭ್ಯಾಸ ಕಣಮ್ಮಾ” ಅಂದ್ರು.

ಅಭ್ಯಾಸ ಅಂದರೆ ಮಲಗೋದು ಅಂದುಕೊಂಡಿದ್ದೆ. ಅಪ್ಪ ಸ್ಕೂಲಿನಲ್ಲಿದ್ದಾಗ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಶಿಬಿರದಲ್ಲಿ ಯೋಗ ಕಲಿತಿದ್ದು ನನಗೆ ಗೊತ್ತಿತ್ತು. ಆ ಕಾಲದಲ್ಲಿ ಆ ಸೀಮೆಯ ಎಷ್ಟೋ ಹುಡುಗರು ಹಾಗೇ ಕಲಿತವರು. ಆದರೆ ಅಪ್ಪ ಇನ್ನೂ ಮಾಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ದಿನಾ ಫೋನಿನಲ್ಲಿ “ತಿಂಡಿ ಆಯ್ತಾ, ಮಾತ್ರೆ ತಗೊಂಡ್ರಾ” ಅಂತ ಕೇಳುತ್ತಿದ್ದೆನೇ ಹೊರತು ಬೆಳಿಗ್ಗೆ ಎದ್ದು ಏನು ಮಾಡ್ತೀರಿ ಅಂತ ಒಮ್ಮೆಯೂ ಕೇಳಿರಲಿಲ್ಲ.

ಆಪರೇಷನ್ ಆಯ್ತು. ಸ್ವಲ್ಪ ದಿನ ಬಗ್ಗಬೇಡಿ, ಭಾರ ಎತ್ತಬೇಡಿ ಅಂತ ಡಾಕ್ಟರು ಹೇಳಿ ಕಳಿಸಿದರು. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಅಪ್ಪ ನನ್ನ ರೂಮಿನ ಬಾಗಿಲು ತಟ್ಟಿದರು. ಕಣ್ಣು ನೋವೇನೋ ಅಂತ ಗಾಬರಿಯಾಗಿ ಎದ್ದೆ. ಕೈಯಲ್ಲಿ ಜಮಖಾನ. “ಇದೊಂದು ಹಾಸಿಕೊಡು. ಬಗ್ಗೋ ಹಾಗಿಲ್ವಲ್ಲ.”

“ಅಪ್ಪಾ, ಡಾಕ್ಟ್ರು ಏನು ಹೇಳಿದ್ರು?”

“ಅವರು ಬಗ್ಗಬೇಡಿ ಅಂದಿದ್ದಾರೆ. ಎದ್ದೇಳಬೇಡಿ ಅಂದಿಲ್ಲ.”

ಸೋಫಾ ಗೋಡೆಗೆ ಸರಿಸಿ, ಟಿವಿ ಮುಂದೆ ಜಾಗ ಮಾಡಿ ಹಾಸಿಕೊಟ್ಟೆ. ಅದರ ಮೇಲೆ ಊಟದ ಟೇಬಲ್ಲಿನ ಒಂದು ಕುರ್ಚಿ ಇಟ್ಟೆ. ಅಪ್ಪ ಕೂತರು. ಮಣಿಕಟ್ಟು ತಿರುಗಿಸಿದರು, ಭುಜ ತಿರುಗಿಸಿದರು, ಮೆಲ್ಲಗೆ ಕೈ ಮೇಲೆತ್ತಿ ಇಳಿಸಿದರು. ಆಮೇಲೆ ಕಣ್ಣು ಮುಚ್ಚಿ ಸುಮ್ಮನೆ ಉಸಿರಾಡುತ್ತಾ ಇದ್ದರು. ಇಪ್ಪತ್ತು ನಿಮಿಷ. ಅಷ್ಟೇ. ನಾನು ಕಾಫಿಗೆ ಹಾಲಿಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಇದರಲ್ಲಿ ಸ್ಟೇಟಸ್‌ಗೆ ಹಾಕುವಂಥದ್ದು ಏನೂ ಇರಲಿಲ್ಲ.

ಹೀಗೆ ಪ್ರತಿದಿನ ಐದೂವರೆಗೆ ಎದ್ದು ಜಮಖಾನ ಹಾಸೋದು ನನ್ನ ಕೆಲಸವಾಯ್ತು. ಹತ್ತನೇ ದಿನವೋ ಹನ್ನೊಂದನೇ ದಿನವೋ, ಎದ್ದಿದ್ದೀನಲ್ಲ ಅಂತ ನಾನೂ ಪಕ್ಕದಲ್ಲಿ ನಿಂತೆ. “ಏನು ಮಾಡಲಿ?” ಅಂದೆ. ಅಪ್ಪ ಕಲಿಸಲಿಲ್ಲ. “ಕ್ಲಾಸಿನಲ್ಲಿ ಕಲಿತಿದ್ದೀಯಲ್ಲ, ಅದರಲ್ಲಿ ನೋವಾಗದೇ ಇರೋದು ಯಾವುದು ನೆನಪಿದೆಯೋ ಅದನ್ನ ಮಾಡು” ಅಂದ್ರು. ನಾಲ್ಕು ನೆನಪಿತ್ತು. ನಾಲ್ಕೇ ಮಾಡಿದೆ.

ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ ಅಪ್ಪ ಸೂರ್ಯನಮಸ್ಕಾರ ಶುರು ಮಾಡಿದರು. ಒಂದು ದಿನ ಹನ್ನೆರಡು, ಮಾರನೇ ದಿನ ಮೂರು, ಇನ್ನೊಂದು ದಿನ ಒಂದೂ ಇಲ್ಲ. ಇದು ಯಾವ ಲೆಕ್ಕ ಅಂತ ಕೇಳಿದೆ. “ಮೊದಲು ಐದು ನಿಮಿಷ ಮಲಗಿ ಮೈ ಏನನ್ನುತ್ತೆ ಕೇಳಿಸ್ಕೋತೀನಿ. ಆಮೇಲೆ ಲೆಕ್ಕ.” ಅದೇ ಮಾತಿಗೆ, ತೀರಾ ಸಹಜವಾಗಿ, ಇನ್ನೊಂದು ಮಾತು ಸೇರಿಸಿದರು. “ನಿಮ್ಮಮ್ಮನ ಕಾರ್ಯ ಮುಗಿಸಿ ನೀವೆಲ್ಲ ಹೊರಟ್ರಲ್ಲ, ಮಾರನೇ ಬೆಳಿಗ್ಗೆ ಇದನ್ನ ಹಾಸಿದೆ. ಏನೂ ಮಾಡೋಕಾಗಲಿಲ್ಲ. ಹಾಗೇ ಮಲಗಿದ್ದೆ. ಒಂದು ತಿಂಗಳು ಅಷ್ಟೇ, ಹಾಸೋದು, ಮಲಗೋದು, ಮಡಚಿಡೋದು. ಇಲ್ದಿದ್ರೆ ಮಂಚದಿಂದ ಏಳೋಕೆ ಏನು ಕಾರಣ ಇತ್ತು ಹೇಳು?”

ನಾನೇನೂ ಹೇಳಲಿಲ್ಲ. ಹಾಲು ಉಕ್ಕುತ್ತಿತ್ತು, ಒಳಗೆ ಹೋದೆ.

ಮನೆಯಲ್ಲಿ ಮಾಡುವ ಯೋಗದ ಬಗ್ಗೆ ನನಗೆ ಅರ್ಥವಾಗಿದ್ದು ಇಷ್ಟೇ. ಅಭ್ಯಾಸ ಅಂದರೆ ಆಸನಗಳ ಪಟ್ಟಿ ಅಲ್ಲ, ದಿನಾ ಹಾಸೋದು. ಹಾಸಿದ ಮೇಲೆ ಏನು ಮಾಡಬೇಕು ಅನ್ನೋದನ್ನು ಆವತ್ತಿನ ಮೈ ಹೇಳುತ್ತೆ.

ಇದು ನಮ್ಮ ನಾಡಿಗೆ ಹೊಸದೇನಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯಲ್ಲೇ ಹುಟ್ಟಿದವರು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿಯ ‘ಮೈಸೂರು ಸ್ಟೈಲ್’ ಇವತ್ತು ಪ್ರಪಂಚದಾದ್ಯಂತ ಹೆಸರುವಾಸಿ. ಅದರಲ್ಲಿ ಎಲ್ಲರೂ ಒಂದೇ ಹಾಲ್‌ನಲ್ಲಿದ್ದರೂ ಒಬ್ಬೊಬ್ಬರೂ ತಮಗೆ ಕಲಿಸಿದಷ್ಟನ್ನು ತಮ್ಮ ಉಸಿರಿನ ಲಯಕ್ಕೆ ಮಾಡುತ್ತಾರೆ. ಗುರು ನಡುವೆ ಓಡಾಡಿ ತಿದ್ದುತ್ತಾರೆ. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯವಿಡೀ ಕಾಯಿಲೆಯಲ್ಲಿ ಸೊರಗಿದವರು. ಮುಂದೆ ಅವರೇ ಕುರ್ಚಿ, ಬೆಲ್ಟು, ಮರದ ತುಂಡುಗಳನ್ನೆಲ್ಲ ಬಳಸಿ, ಬಗ್ಗದ ಮೈಗೂ ಆಸನ ಒಗ್ಗುವ ಹಾಗೆ ಮಾಡಿದರು. ಅಪ್ಪನ ಊಟದ ಕುರ್ಚಿಯೂ ಅದೇ ಜಾತಿಗೆ ಸೇರಿದ್ದು.

ನೀವೂ ಶುರು ಮಾಡೋದಾದರೆ, ನನಗೆ ಉಪಯೋಗವಾದ ಕೆಲವು ಮಾತು.

ಮೊದಲು ಒಬ್ಬ ಒಳ್ಳೇ ಶಿಕ್ಷಕರ ಹತ್ತಿರ ಸ್ವಲ್ಪ ದಿನವಾದರೂ ಕಲಿಯಿರಿ. ವಿಡಿಯೊಗೆ ನಿಮ್ಮ ಮಂಡಿ ಕಾಣಿಸಲ್ಲ. ಬಿಪಿ, ಗ್ಲಾಕೋಮಾ, ಡಿಸ್ಕ್ ತೊಂದರೆ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಯಾವುದು ಬೇಡ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಶೀರ್ಷಾಸನ, ಸರ್ವಾಂಗಾಸನಗಳನ್ನು ಮನೆಯಲ್ಲಿ ಒಬ್ಬರೇ ಇದ್ದಾಗ ಹೊಸದಾಗಿ ಪ್ರಯೋಗ ಮಾಡಬೇಡಿ.

ಜಾಗ ಒಂದೇ ಇರಲಿ. ಚಾಪೆ ಹಾಸಿ, ಎರಡೂ ಕೈ ಚಾಚಿದರೆ ಗೋಡೆಗೆ ತಾಗದಷ್ಟು ಸಾಕು. ಹೊತ್ತು ನಿಮ್ಮ ಮನೆಗೆ ಹೊಂದೋ ಹಾಗಿರಲಿ. ಬೆಳಿಗ್ಗೆಯೇ ಆಗಬೇಕು ಅಂತ ಕಾನೂನಿಲ್ಲ. ಊಟವಾಗಿ ಮೂರು ನಾಲ್ಕು ಗಂಟೆ ಆಗಿರಬೇಕು, ಅಷ್ಟೇ. ಫೋನ್ ಪಕ್ಕದ ರೂಮಿನಲ್ಲಿರಲಿ. ಟೈಮರ್ ಬೇಕು ಅಂತ ಇಟ್ಟುಕೊಂಡರೆ ಭುಜಂಗಾಸನದಲ್ಲಿ ಕಣ್ಣೆದುರಿಗೇ ಆಫೀಸಿನ ಮೆಸೇಜ್ ಬಂದು ಕೂರುತ್ತೆ.

ನನ್ನ ಹದಿನೈದು ನಿಮಿಷ ಹೀಗಿದೆ. ಮೊದಲು ಎರಡು ನಿಮಿಷ ಅಂಗಾತ ಮಲಗಿ ಉಸಿರು ನೋಡೋದು. ಕೈ ಮಂಡಿ ಊರಿ ಮಾರ್ಜಾಲಾಸನ, ಬೆನ್ನು ಮೇಲೆ ಕೆಳಗೆ ಎಂಟು ಹತ್ತು ಸಲ. ನಿಧಾನವಾಗಿ ಮೂರು ಸೂರ್ಯನಮಸ್ಕಾರ. ಗೋಡೆ ಪಕ್ಕ ವೃಕ್ಷಾಸನ. ಭುಜಂಗಾಸನ. ಮಂಡಿ ಸ್ವಲ್ಪ ಮಡಚಿಕೊಂಡೇ ಪಶ್ಚಿಮೋತ್ತಾನಾಸನ. ಕೊನೆಗೆ ಮೂರು ನಾಲ್ಕು ನಿಮಿಷ ಶವಾಸನ. ಹಿಂದಕ್ಕೆ ಬಾಗುವಾಗ ಉಸಿರು ಒಳಗೆ, ಮುಂದಕ್ಕೆ ಬಗ್ಗುವಾಗ ಹೊರಗೆ. ಉಸಿರು ಕಟ್ಟಿತು ಅಂದರೆ ಹೆಚ್ಚಾಯಿತು ಅಂತ ಅರ್ಥ, ಅಲ್ಲಿಗೇ ನಿಲ್ಲಿಸಿ. ಸ್ನಾಯು ಹಿಗ್ಗುವ ಎಳೆತ ಪರವಾಗಿಲ್ಲ. ಕೀಲಿನೊಳಗೆ ಚುಚ್ಚುವ ನೋವು ಬಂದರೆ ತಕ್ಷಣ ಬಿಟ್ಟುಬಿಡಿ. ಪದ್ಮಾಸನ ನನ್ನ ಪಟ್ಟಿಯಲ್ಲಿ ಇವತ್ತಿಗೂ ಇಲ್ಲ.

ತಪ್ಪಿಸಿದ ದಿನಗಳೂ ಇವೆ. ರಿಲೀಸ್ ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ಲಾಗ್ ಔಟ್ ಆದಾಗ ಸೂರ್ಯನಮಸ್ಕಾರದ ಮಾತೇ ಇಲ್ಲ. ಅಂಥ ದಿನ ಗೋಡೆಗೆ ಕಾಲು ಚಾಚಿ ಐದು ನಿಮಿಷ ಮಲಗುತ್ತೇನೆ. ಅದನ್ನೂ ಹಾಜರಿ ಅಂತಲೇ ಬರೆದುಕೊಳ್ಳುತ್ತೇನೆ. ಮೊದಲೆಲ್ಲ ಒಂದು ದಿನ ತಪ್ಪಿದರೆ ಚಾಲೆಂಜೇ ಮುರಿಯಿತು ಅಂತ ಬಿಟ್ಟುಬಿಡುತ್ತಿದ್ದೆ. ಈಗ ಮುರಿಯೋಕೆ ಚಾಲೆಂಜೇ ಇಲ್ಲ.

ಕುತ್ತಿಗೆ ನೋವು ಹೋಯ್ತಾ ಅಂತ ಕೇಳಬಹುದು. ಪೂರ್ತಿ ಹೋಗಿಲ್ಲ. ಆದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ಭುಜ ಕಿವಿ ಹತ್ತಿರ ಏರಿ ಕೂತಿದೆ ಅಂತ ಈಗ ಆಗಲೇ ಗೊತ್ತಾಗುತ್ತೆ. ಇಳಿಸುತ್ತೇನೆ. ಮೊದಲು ಅದು ಗೊತ್ತಾಗುತ್ತಿದ್ದುದು ರಾತ್ರಿ, ದಿಂಬಿನ ಮೇಲೆ ತಲೆ ಇಟ್ಟಾಗ.

ಎರಡು ತಿಂಗಳು ಮುಗಿದ ಮಾರನೇ ದಿನವೇ ಅಪ್ಪ ಊರಿಗೆ ಹೊರಟರು. ಬಸ್ ಹತ್ತಿಸಿ ಬಂದು, ಮಾರನೇ ಬೆಳಿಗ್ಗೆ ಐದೂವರೆಗೆ ಎಚ್ಚರವಾಗಿ ಹಾಲ್‌ಗೆ ಬಂದೆ. ಸೋಫಾ ಇನ್ನೂ ಗೋಡೆಗೇ ಒರಗಿತ್ತು. ಬೀರು ಮೇಲಿಂದ ನೇರಳೆ ಮ್ಯಾಟ್ ಇಳಿಸಿ, ಧೂಳು ಕೊಡವಿ, ಜಮಖಾನ ಇದ್ದ ಜಾಗಕ್ಕೇ ಹಾಸಿದೆ.

ಈಗ ಬೆಳಗಿನ ಫೋನಿನಲ್ಲಿ ತಿಂಡಿ, ಮಾತ್ರೆಗಿಂತ ಮೊದಲು ಇನ್ನೊಂದು ಪ್ರಶ್ನೆ ಇರುತ್ತೆ. ಅವರು ನನ್ನನ್ನು, ನಾನು ಅವರನ್ನು ಕೇಳೋದು “ಮಾಡಿದ್ಯಾ, ಮಾಡಿದ್ರಾ” ಅಂತ ಅಲ್ಲ. “ಹಾಸಿದ್ಯಾ?” “ಹಾಸಿದ್ರಾ?” ಅಂತ. ಹೋದ ತಿಂಗಳು ಒಂದು ದಿನ ಅಪ್ಪ “ಹಾಸಿದೆ. ಇವತ್ತು ಬರೀ ಮಲಗಿದ್ದೆ” ಅಂದ್ರು. ಕ್ಯಾಲೆಂಡರ್ ನೋಡಿದೆ. ಅಮ್ಮನ ತಿಥಿಗೆ ಒಂದು ವಾರ ಇತ್ತು. ಆ ಶನಿವಾರವೇ ಮಗಳನ್ನೂ ಕರೆದುಕೊಂಡು ಊರಿನ ಬಸ್ ಹತ್ತಿದೆ. ಮ್ಯಾಟನ್ನೂ ಜೊತೆಗಿಟ್ಟುಕೊಂಡಿದ್ದೆ.