ಮುಂದಿನ ಸಾಲಿನಲ್ಲಿ ಕೂರೋಣ



ಮೈಸೂರಿನಲ್ಲಿ ದಸರಾ ಮುಗಿದು ರಾಜ್ಯೋತ್ಸವದ ಬಾವುಟ ಏರಿತೆಂದರೆ ಭಾಷಣಗಳ, ನಾಟಕಗಳ, ಪ್ರದರ್ಶನಗಳ ಕಾಲ ಶುರುವಾಯಿತೆಂದೇ ಅರ್ಥ. ಮಾನಸಗಂಗೋತ್ರಿಯ ವಿಭಾಗಗಳಲ್ಲಿ ವಿಚಾರ ಸಂಕಿರಣ, ಕಲಾಮಂದಿರದಲ್ಲಿ ಸನ್ಮಾನ, ರಂಗಾಯಣದ ಅಂಗಳದಲ್ಲಿ ನಾಟಕ, ಮಹಾರಾಜ ಕಾಲೇಜಿನ ಶತಮಾನೋತ್ಸವ ಭವನದಲ್ಲಿ ಪುಸ್ತಕ ಬಿಡುಗಡೆ ಒಂದರ ಹಿಂದೊಂದು ಬರುತ್ತವೆ. ನವೆಂಬರ್ 26 ಸಂವಿಧಾನದ ದಿನ. ಡಿಸೆಂಬರ್ 6 ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ. ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಏಪ್ರಿಲ್ 11 ಜೋತಿಬಾ, ಏಪ್ರಿಲ್ 14 ಬಾಬಾಸಾಹೇಬ್. ಈ ಐದಾರು ತಿಂಗಳಲ್ಲಿ ಈ ಊರಿನಲ್ಲಿ ಆಡುವ ಮಾತು, ಕುಣಿಯುವ ಕುಣಿತ, ಗೋಡೆಗೆ ತೂಗುಹಾಕುವ ಚಿತ್ರ ಎಷ್ಟೋ.

ಈ ಸಂಚಿಕೆಯಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: ಇಷ್ಟೆಲ್ಲಾ ನಡೆಯುವಾಗ ಹಾಸ್ಟೆಲಿನ ಹುಡುಗ ಹುಡುಗಿಯರು ಎಲ್ಲಿದ್ದಾರೆ?

ಕೇಳಿದರೆ ಉತ್ತರ ರೆಡಿ. "ನಮ್ಗ್ಯಾಕಣ್ಣಾ ಅವೆಲ್ಲಾ? ಪರೀಕ್ಷೆ ಅವೆ." "ಹೋಗಿ ಬರೋಷ್ಟ್ರಲ್ಲಿ ಊಟ ಆಗೋಗಿರ್ತದೆ." "ಗೇಟ್ ಹಾಕ್ಬುಡ್ತಾರೆ." "ಅಲ್ಲಿ ನಮ್ಮನ್ ಯಾರ್ ಮಾತಾಡಿಸ್ತಾರೆ?" ಇವು ಸುಳ್ಳು ನೆಪಗಳಲ್ಲ, ನಿಜವಾದ ಕಷ್ಟಗಳು. ಊಟದ ಗಂಟೆಗೂ ಉಪನ್ಯಾಸದ ಗಂಟೆಗೂ ಜಗಳ ಬಿದ್ದರೆ ಹಸಿದವನು ಊಟದ ಕಡೆಗೇ ನಿಲ್ಲುತ್ತಾನೆ. ಅದರಲ್ಲಿ ತಪ್ಪೇನಿದೆ? ಆದರೆ ಈ ಜಗಳ ಯಾರಿಗೆ ಲಾಭ ಅನ್ನುವುದನ್ನು ಯೋಚಿಸಬೇಕು. ಮೇಷ್ಟರ ಮಗ, ವಕೀಲರ ಮಗಳು ಉಪನ್ಯಾಸಕ್ಕೆ ಹೋಗದಿದ್ದರೂ ನಷ್ಟವಿಲ್ಲ. ಪುಸ್ತಕದ ಮಾತು, ನಾಟಕದ ಮಾತು, ಯಾರಿಗೆ ಹೇಗೆ ಅರ್ಜಿ ಹಾಕಬೇಕು ಅನ್ನುವ ಮಾತು ಅವರ ಮನೆಯ ಊಟದ ಜೊತೆಗೇ ಬಡಿಸಲ್ಪಡುತ್ತದೆ. ನಮ್ಮ ಮನೆಯಲ್ಲಿ ನಾಳೆಯ ಕೂಲಿಯ ಮಾತು. ತರಗತಿ ಕೊಡುವುದು ಅಂಕಪಟ್ಟಿ. ಅದರ ಆಚೆಗಿನ ವಿದ್ಯೆ ಸಿಗುವುದು ಈ ಸಭಾಂಗಣಗಳಲ್ಲಿ, ಅದೂ ಬಹುಪಾಲು ಬಿಟ್ಟಿಯಾಗಿ. ಅದನ್ನೂ ಬಿಟ್ಟುಕೊಟ್ಟರೆ ನಮಗೆ ಉಳಿಯುವುದು ಅರ್ಧ ವಿದ್ಯೆ.

ಒಂದು ಭಾಷಣದಿಂದ ಏನಾದೀತು ಎನ್ನುವವರು 1936ರ ಲಾಹೋರನ್ನು ನೆನೆಯಬೇಕು. ಜಾತ್ ಪಾತ್ ತೋಡಕ್ ಮಂಡಲ ಎಂಬ ಸಂಸ್ಥೆ, ಹೆಸರಿನಲ್ಲೇ ಜಾತಿ ಮುರಿಯುತ್ತೇವೆ ಎಂದುಕೊಂಡ ಸಂಸ್ಥೆ, ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರರನ್ನು ಕರೆಯಿತು. ಅವರು ಭಾಷಣ ಬರೆದರು. ಓದಿ ನೋಡಿದ ಮಂಡಲದವರಿಗೆ ನಡುಕ ಹುಟ್ಟಿತು. ಶಾಸ್ತ್ರಗಳ ಮೇಲೆ, ಧರ್ಮದ ಮೇಲೆ ಬರೆದದ್ದನ್ನು ತೆಗೆಯಿರಿ ಅಂದರು. ಬಾಬಾಸಾಹೇಬರು ತೆಗೆಯಲಿಲ್ಲ. ಸಮ್ಮೇಳನ ನಿಂತುಹೋಯಿತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಅಷ್ಟೂ ಮುಗಿದವು. ಅದೇ 'ಜಾತಿ ವಿನಾಶ'. ಆಡಲು ಬಿಡದ ಆ ಭಾಷಣವನ್ನು ಇವತ್ತು ಪ್ರಪಂಚ ಓದುತ್ತಿದೆ. ತಡೆದವರ ಹೆಸರು ಬರುವುದು ಈ ಕತೆ ಹೇಳುವಾಗ ಮಾತ್ರ.

ಲಾಹೋರು ದೂರವಾಯಿತೆಂದರೆ ನಮ್ಮ ಮೈಸೂರನ್ನೇ ನೋಡಿ. 1973ರ ನವೆಂಬರಿನಲ್ಲಿ ಇದೇ ಊರಿನ ಒಂದು ಸಭೆಯಲ್ಲಿ, ಅಂದಿನ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ನಿಂತ ಮಂತ್ರಿ ಅವರು. ಒಂದು ಮಾತಿಗೆ ರಾಜ್ಯವೇ ಹೊತ್ತಿಕೊಂಡಿತು. ಮಾತಿಗೆ ಮಾತು ಉತ್ತರವಾಗಲಿಲ್ಲ, ಕಲ್ಲು ದೊಣ್ಣೆಗಳು ಉತ್ತರವಾದವು. ಭಾಷಣ ಮಾಡಿದವರು ಮಂತ್ರಿ, ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಹಾಸ್ಟೆಲುಗಳಿಗೆ ನುಗ್ಗಿ ಹೊಡೆದರು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆದರೆ ಆ ಏಟು ತಿಂದ ಹುಡುಗರೇ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದರು, ಒಟ್ಟಿಗೆ ಕೂತು ಓದಿದರು, ಬರೆದರು, ಹಾಡಿದರು. ಪ್ರೊ. ಬಿ. ಕೃಷ್ಣಪ್ಪನವರ ಜೊತೆ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಬೇರು ಅಲ್ಲಿದೆ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದರೆ ಕೊಡಲಿಲ್ಲ. ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವೇ ಎದ್ದು ನಿಂತಿತು. ಒಂದು ಗೋಷ್ಠಿ ಕೊಡದವರು ಒಂದು ಚಳವಳಿಯನ್ನೇ ಎದುರಿಸಬೇಕಾಯಿತು.

ಇದು ಹಳೇ ಕತೆ ಅಂದುಕೊಳ್ಳಬೇಡಿ. 2015ರಲ್ಲಿ ದೆಹಲಿಯ ಕಾಲೇಜೊಂದರಲ್ಲಿ ಮುಜಫ್ಫರ್‌ನಗರದ ಗಲಭೆಯ ಮೇಲಿನ ಸಾಕ್ಷ್ಯಚಿತ್ರ ತೋರಿಸುವುದನ್ನು ತಡೆದರು. ಅದನ್ನು ಖಂಡಿಸಿ ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಹುಡುಗರು ದನಿ ಎತ್ತಿದರು. ಅಲ್ಲಿಂದ ಶುರುವಾದ ಜಗಳದಲ್ಲಿ ಐದು ಜನ ದಲಿತ ಸಂಶೋಧನಾ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. ಅವರು ಬಯಲಲ್ಲಿ ಡೇರೆ ಹಾಕಿ ಅದಕ್ಕೆ 'ವೆಲಿವಾಡ', ಅಂದರೆ ಊರಾಚೆಯ ಕೇರಿ, ಎಂದು ಹೆಸರಿಟ್ಟರು. 2016ರ ಜನವರಿ 17ರಂದು ಅವರಲ್ಲಿ ಒಬ್ಬ, ರೋಹಿತ್ ವೇಮುಲ, ಪ್ರಾಣ ಬಿಟ್ಟ. ಒಂದು ಚಿತ್ರ ಪ್ರದರ್ಶನದ ಪ್ರಶ್ನೆ ಹಾಸ್ಟೆಲಿನ ಮಂಚದವರೆಗೆ, ಅಲ್ಲಿಂದ ಜೀವದವರೆಗೆ ಹೋಯಿತು. ಯಾರು ಏನು ನೋಡಬೇಕು, ಯಾರು ಏನು ಕೇಳಬೇಕು ಅನ್ನುವುದು ಸಣ್ಣ ವಿಷಯವಾಗಿದ್ದರೆ ಇಷ್ಟು ಹೆದರಿಕೆ ಯಾಕಪ್ಪಾ?

ಹಾಗಾಗಿ ಹೋಗೋಣ. ಕಣ್ಣು ಬಿಟ್ಟುಕೊಂಡು ಹೋಗೋಣ.

ಮೊದಲು ವೇದಿಕೆ ನೋಡಿ. ಡಿಸೆಂಬರ್ 6, ಏಪ್ರಿಲ್ 14 ಬಂದರೆ ನಮ್ಮ ಮೇಷ್ಟರುಗಳಿಗೆ ಬಿಡುವೇ ಇರುವುದಿಲ್ಲ, ಒಂದೇ ದಿನ ನಾಕು ಕಡೆ ಭಾಷಣ. ಮೇ ತಿಂಗಳಿಂದ ನವೆಂಬರಿನವರೆಗೆ ಅವರ ನೆನಪು ಯಾರಿಗೂ ಬಾರದು. ಭೌತಶಾಸ್ತ್ರ ಓದಿದವನಾಗಲಿ, ಅರ್ಥಶಾಸ್ತ್ರ ಓದಿದವಳಾಗಲಿ, ದಲಿತರಾದರೆ ಕರೆಯುವುದು ಜಯಂತಿಗೆ ಮಾತ್ರ. ರೂಪಾಯಿಯ ಸಮಸ್ಯೆಯ ಮೇಲೆ ಅಂಬೇಡ್ಕರರ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1923ರಲ್ಲಿ. ಹಣಕಾಸಿನ ಸಂಕಿರಣದಲ್ಲಿ ಆ ಪುಸ್ತಕದ ಹೆಸರು ಬರುತ್ತದಾ ಎಂದು ಕಿವಿಗೊಟ್ಟು ಕೇಳಿ. ಬರದಿದ್ದರೆ ಎದ್ದು ನಿಂತು ಕೇಳಿ.

ಆಮೇಲೆ ಬಾಗಿಲು ನೋಡಿ. ಜಾನಪದದ ಸಂಕಿರಣ ಅಂದರೆ ಅತಿಥಿಗಳನ್ನು ಎದುರುಗೊಳ್ಳಲು ಬಾಗಿಲಲ್ಲಿ ತಮಟೆ ಬೇಕೇ ಬೇಕು. ಬೆಂಕಿಗೆ ಹಿಡಿದು ಚರ್ಮ ಹದ ಮಾಡಿಕೊಂಡು, ಬಿಸಿಲಲ್ಲಿ ಕುಣಿದು, ಅತಿಥಿಗಳು ಒಳಗೆ ಹೋದ ಮೇಲೆ ನಮ್ಮವರು ಮರದಡಿಯಲ್ಲಿ ಕೂರುತ್ತಾರೆ. ಒಳಗೆ ತಮಟೆಯ ಲಯದ ಮೇಲೆ ಪ್ರಬಂಧ. ಪ್ರಬಂಧ ಓದುವವರ ಹೆಸರು ಕಾರ್ಡಿನಲ್ಲಿ ಪದವಿ ಸಮೇತ ಇರುತ್ತದೆ, ಬಾರಿಸಿದವರಿಗೆ 'ಮತ್ತು ತಂಡ'. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಬಾಗಿಲಲ್ಲಿ ನಿಂತ ಮಿಕ್ಕವರು ಒಳಗೆ ಬಂದು ಕುರ್ಚಿಯ ಮೇಲೆ ಕೂತು, ಈ ಲಯ ಹೀಗೆ ಕಣ್ರಪ್ಪಾ ಎಂದು ವಿವರಿಸುವ ದಿನ ಯಾವಾಗ? ಹಳ್ಳಿಗಳಲ್ಲಿ ಬಿಟ್ಟಿಗೆ ಬಡಿಯಲ್ಲ ಎಂದು ತಮಟೆ ಕೆಳಗಿಟ್ಟವರು ನಮ್ಮ ಜನ. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗೆ ಎತ್ತಿಕೊಂಡವರೂ ನಮ್ಮ ಜನ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದ ಪ್ರಬಂಧ ಎಷ್ಟು ಪುಟ ಇದ್ದರೇನು?

ಪ್ರದರ್ಶನಗಳಿಗೂ ಹೋಗಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾಗಿ ಜಯಲಕ್ಷ್ಮೀವಿಲಾಸದಲ್ಲಿ ನೆಲೆ ಕಂಡಿತು. ಅದು 1905ರಲ್ಲಿ ರಾಜಕುಮಾರಿಗೆಂದು ಕಟ್ಟಿದ ಅರಮನೆ. ನಮ್ಮ ಅಜ್ಜಿಯರ ಮೊರ, ಬುಟ್ಟಿ, ತಾತಂದಿರ ನೇಗಿಲುಗಳ ಜಾತಿಯ ವಸ್ತುಗಳು ರಾಜಕುಮಾರಿಯ ಮನೆ ಸೇರಿದವು. ಹಳ್ಳಿ ಹಳ್ಳಿ ತಿರುಗಿ ಅವನ್ನು ಕೂಡಿಟ್ಟವರ ಶ್ರಮ ದೊಡ್ಡದು, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಂಥ ಪ್ರದರ್ಶನ ಎಲ್ಲೇ ನಡೆಯಲಿ, ವಸ್ತುವಿನ ಪಕ್ಕದ ಚೀಟಿಯನ್ನು ಓದಿ. ವಸ್ತುವಿನ ಹೆಸರಿದೆಯಾ? ಊರಿನ ಹೆಸರಿದೆಯಾ? ಮಾಡಿದ ಕೈ ಯಾರದು, ಆ ಕೈಗೆ ಎಷ್ಟು ಸೇರು ರಾಗಿ ಅಳೆದರು ಅನ್ನುವುದು ಇದೆಯಾ? ಇಲ್ಲದಿದ್ದರೆ ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಬನ್ನಿ. ನೀವು ಊರಿಗೆ ಹೋದಾಗ ನಿಮ್ಮ ಮನೆಯವರನ್ನೇ ಕೇಳಿ ಬರೆದುಕೊಂಡು ಬಂದರೆ, ಅದು ಯಾವ ಪ್ರಬಂಧಕ್ಕೂ ಕಡಿಮೆಯಿಲ್ಲ.

ನಾಟಕದ ಮಾತು. 1975ರಲ್ಲಿ ಹುಟ್ಟಿದ ಸಮುದಾಯ ತಂಡ 'ಬೆಲ್ಚಿ' ಎಂಬ ಬೀದಿ ನಾಟಕ ಆಡಿತು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ಭೂಮಾಲೀಕರು ನಡೆಸಿದ ಕೊಲೆಗಳನ್ನು ಕರ್ನಾಟಕದ ಬೀದಿ ಬೀದಿಗೆ ತಂದ ನಾಟಕ ಅದು. ಅದಕ್ಕೆ ಪರದೆ ಬೇಕಿರಲಿಲ್ಲ, ಟಿಕೀಟು ಬೇಕಿರಲಿಲ್ಲ. 1989ರಲ್ಲಿ ರಂಗಾಯಣ ಬಂತು. ಅಲ್ಲಿ 2010ರಲ್ಲಿ 'ಮಲೆಗಳಲ್ಲಿ ಮದುಮಗಳು' ಒಂಬತ್ತು ಗಂಟೆ, ರಾತ್ರಿಯಿಡೀ ನಡೆಯಿತು. ಹೆಗ್ಗಡೆಯ ಹೊಲೆಯಾಳು ಗುತ್ತಿ ಅದರಲ್ಲಿ ದೊಡ್ಡ ಪಾತ್ರ. ಇಂಥವನ್ನು ನೋಡಬೇಕು. ಇನ್ನೊಂದನ್ನೂ ಗಮನಿಸಬೇಕು: ಎಷ್ಟೋ ನಾಟಕಗಳಲ್ಲಿ ನಮ್ಮ ಭಾಷೆ ಬಂದರೆ ನಗು. ಆಳು ಮಾತಾಡಿದರೆ ನಗು, ಯಜಮಾನ ಮಾತಾಡಿದರೆ ಗಂಭೀರ. ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರಲ್ಲಿ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬಂತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಮ್ಮವ್ವನ ಮಾತಿನಲ್ಲಿ ದುಃಖ ಐತೆ, ವಿವೇಕ ಐತೆ, ಕಾವ್ಯ ಐತೆ. ಅದಕ್ಕೆ ಸುಮ್ಮಸುಮ್ಮನೆ ನಗುವವರ ಜೊತೆ ನಾವು ನಗಬೇಕಾಗಿಲ್ಲ.

ಈಗ ಮಾಡಬೇಕಾದ ಕೆಲಸ. ಭಾಷಣ ಸಾಕು, ಇಷ್ಟನ್ನು ಮಾಡಿ:

ಒಂದು. ಪ್ರತಿ ಹಾಸ್ಟೆಲಿನಲ್ಲೂ ಮೂರು ಜನ ಜವಾಬ್ದಾರಿ ಹೊರಲಿ. ಆಹ್ವಾನ ಪತ್ರಿಕೆಗಳು ಈಗ ಫೋನಿನಲ್ಲಿ ಓಡಾಡುತ್ತವೆ, ಆದರೆ ನಮ್ಮ ಫೋನಿಗೆ ಬರುವುದಿಲ್ಲ. ವಾರಕ್ಕೊಮ್ಮೆ ಕಲಾಮಂದಿರ, ರಂಗಾಯಣ, ಮಾನಸಗಂಗೋತ್ರಿಯ ವಿಭಾಗಗಳ ಬೋರ್ಡು ನೋಡಿಕೊಂಡು ಬಂದು ಊಟದ ಮನೆಯ ಗೋಡೆಗೆ ಬರೆದು ಅಂಟಿಸಲಿ.

ಎರಡು. ವಾರ್ಡನ್ನರಿಗೆ ಎಲ್ಲರೂ ಸಹಿ ಮಾಡಿದ ಮನವಿ ಕೊಡಿ. ಕಾರ್ಯಕ್ರಮದ ದಿನ ಗೇಟು ರಾತ್ರಿ ಹತ್ತರವರೆಗೆ ತೆರೆದಿರಲಿ, ಹೋದವರ ಊಟ ಎತ್ತಿಡಲಿ. ಇದು ಭಿಕ್ಷೆ ಅಲ್ಲ, ಓದಿನ ಭಾಗ. ಹೆಣ್ಣುಮಕ್ಕಳ ಹಾಸ್ಟೆಲಿಗೂ ಇದೇ ನಿಯಮ ಬೇಕು. "ಹುಡುಗೀರ್ಗೆ ಯಾಕ್ ಬೇಕು ರಾತ್ರಿ ನಾಟಕ" ಎನ್ನುವವರಿಗೆ, 1848ರಲ್ಲಿ ಪುಣೆಯಲ್ಲಿ ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯ ಮೇಲೆ ಸಗಣಿ ಎರಚಿದವರೂ ಇಂಥ ಮಾತನ್ನೇ ಆಡಿದ್ದರು ಎಂದು ಹೇಳಿ. ಗುಂಪಾಗಿ ಹೋಗಿ ಗುಂಪಾಗಿ ಬನ್ನಿ. ವಾಹನ ಕೇಳಿ.

ಮೂರು. ಹೋಗುವ ಮುಂಚೆ ವಿಷಯದ ಬಗ್ಗೆ ಒಂದು ಗಂಟೆ ಓದಿ. ಒಂದೇ ಪ್ರಶ್ನೆ, ಎರಡೇ ವಾಕ್ಯ, ಚೀಟಿಯಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನ ಸಭೆಯಲ್ಲಿ ಕನ್ನಡದಲ್ಲಿ ಕೇಳಲು ನಾಚಬೇಡಿ. ನಾಲಿಗೆ ತೊದಲಿದರೆ ತೊದಲಲಿ, ಎರಡನೇ ಸಲ ಸರಿಹೋಗುತ್ತದೆ. ಕೂಗಾಡಿ ಸಭೆ ನಿಲ್ಲಿಸುವುದು ನಮ್ಮ ದಾರಿ ಅಲ್ಲ. 1973ರಲ್ಲಿ ಅದನ್ನು ಮಾಡಿದವರು ಯಾರು ಅನ್ನುವುದು ಗೊತ್ತಲ್ಲ.

ನಾಲ್ಕು. ಹೋದವರು ಮಾರನೇ ರಾತ್ರಿ ಊಟದ ನಂತರ ಹತ್ತು ನಿಮಿಷ ವರದಿ ಹೇಳಲಿ. ಒಬ್ಬ ಕೇಳಿದ್ದು ಐವತ್ತು ಜನಕ್ಕೆ ತಲುಪಲಿ.

ಐದು. ನಮ್ಮ ವಿಷಯಕ್ಕೆ ವೇದಿಕೆ ಕೊಡದಿದ್ದರೆ ಊಟದ ಮನೆಯೇ ವೇದಿಕೆ. ಡಿಸೆಂಬರ್ 6ಕ್ಕೆ 'ಜಾತಿ ವಿನಾಶ'ವನ್ನು ಸರದಿಯಲ್ಲಿ ಗಟ್ಟಿಯಾಗಿ ಓದಿ. ಜನವರಿ 3ಕ್ಕೆ ಹಾಸ್ಟೆಲಿನ ಹೆಣ್ಣುಮಕ್ಕಳೇ ಭಾಷಣಕಾರರಾಗಲಿ. ಅಡುಗೆಯವರನ್ನು, ಕಸ ಗುಡಿಸುವ ಅಮ್ಮನನ್ನು ಮುಂದೆ ಕೂರಿಸಿ.

ಈ ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿತು. ಅದರ ಗೋಡೆಗೆ ಕಲ್ಲು ಹೊತ್ತವರು, ನೆಲಕ್ಕೆ ಗಾರೆ ಹಾಕಿದವರು ನಮ್ಮಂಥವರ ಹಿರೀಕರು. ಅವರಿಗೆ ಒಳಗೆ ಕೂರುವ ಭಾಗ್ಯ ಇರಲಿಲ್ಲ. ನಮಗೆ ಇದೆ, ಅದೂ ಹೋರಾಡಿ ಸತ್ತವರಿಂದ ಬಂದಿದೆ. ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ, ಯಾವಾಗ ಎದ್ದು ಹೋಗಲಿ ಎಂದು ಮುದುಡಿಕೊಂಡು ಕೂರುವುದನ್ನು ಬಿಡೋಣ. ಮುಂದಿನ ಸಾಲು ಖಾಲಿ ಇರುತ್ತದೆ. ಅತಿಥಿಗಳು ತಡವಾಗಿ ಬರುತ್ತಾರೆ, ಬೇಗ ಹೋಗುತ್ತಾರೆ. ನಾವು ಮೊದಲು ಹೋಗೋಣ, ಕೊನೆಯವರೆಗೆ ಕೂರೋಣ, ಕೇಳೋಣ.

ಜೈ ಭೀಮ್.